ತಾರಸಿಯ ಸಿಹಿಗುಂಬಳ

ಅಜ್ಜಿಯ ಕತೆಗಳ ಹಾಗೇ ಹೇಳುವುದಾದರೆ, ಹನ್ನೊಂದು ಪೇಂಟ್ ಡಬ್ಬಗಳನ್ನು ಆಳುವ ಒಬ್ಬ ರಾಣಿ ಇದ್ದಳು. ರಾಜ್ಯವೆಂದರೆ ಐದಂತಸ್ತಿನ ಬಾಡಿಗೆ ಕಟ್ಟಡದ ತಾರಸಿ. ಪ್ರಜೆಗಳು ಟೊಮೆಟೊ, ಮೆಣಸಿನಗಿಡ, ಪುದೀನ, ಮತ್ತೆ ನೀರಿನ ತೊಟ್ಟಿಯನ್ನು ತಬ್ಬಿಕೊಂಡ ಒಂದು ಸಿಹಿಗುಂಬಳದ ಬಳ್ಳಿ. ರಾಣಿ ನನ್ನಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನ ಕೆಲಸ ವಾರಕ್ಕೆ ಮೂರು ದಿನಕ್ಕಿಳಿದಾಗ ಅವಳು ಪಟ್ಟಕ್ಕೇರಿದ್ದಳು. ಅಂದಿನಿಂದ ಅಂಗಡಿಯ ತರಕಾರಿ, ಬ್ರೆಡ್ಡು, ಪೊಟ್ಟಣದ ಮಸಾಲೆ ಯಾವುದಕ್ಕೂ ನಮ್ಮ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ. ಮಹಾರಾಣಿಯವರು ಹೇಳಿದರೆ ಟೀಪುಡಿಯನ್ನೂ ಡಬ್ಬದಲ್ಲೇ ಬೆಳೆಯೋಣ ಎಂದು ಅಪ್ಪ ಕಾಲೆಳೆಯುತ್ತಿದ್ದರು.

ನಾನು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಅಮ್ಮ ಮಡಿಲ ತುಂಬ ಕುಂಬಳದ ಹೂ ತಂದಿರುತ್ತಿದ್ದಳು. ಹಿಟ್ಟಿನಲ್ಲಿ ಅದ್ದಿ ಕರಿದರೆ ತಿಂಡಿ ಮುಗಿಯಿತು. ಹೂ ಇರುವುದೇ ಕರಿಯುವುದಕ್ಕೆ ಎಂದು ತಿಳಿದಿದ್ದೆ.

ಅಮ್ಮ ಹಾಸಿಗೆ ಹಿಡಿದ ಮೇಲೆ ಬಾಣಲೆ, ಬಳ್ಳಿ ಎರಡೂ ನನ್ನ ಪಾಲಿಗೆ ಬಂದವು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಹೆಚ್ಚೆಂದರೆ ಎರಡು ತಿಂಗಳು ಎಂದಿದ್ದರು. ಅಮ್ಮನಿಗೆ ಏನೂ ಸೇರುತ್ತಿರಲಿಲ್ಲ. ಕುಂಬಳದ ಸೂಪಾದರೆ ಎರಡು ಚಮಚ ಇಳಿದೀತು ಎಂದಳು. ಅಂಗಡಿಯಿಂದ ತರುತ್ತೇನೆಂದರೆ ಮುಖ ತಿರುಗಿಸಿದಳು. ನಮ್ಮ ಬಳ್ಳಿಯದೇ ಆಗಬೇಕಂತೆ.

ಒಂದೂ ದಂಡವಾಗಬಾರದೆಂದು ನಾನು ದಿನವೂ ಹೂವನ್ನೆಲ್ಲ ಬಿಡಿಸಿದೆ. ಬುಡದಲ್ಲಿ ಪುಟ್ಟ ಕಾಯಿ ಹೊತ್ತವನ್ನು ಮಾತ್ರ ಬಿಟ್ಟೆ. ಅವು ಗೋಲಿಯಷ್ಟಾಗಿ, ಹಳದಿಯಾಗಿ, ಒಂದೊಂದೇ ಉದುರಿದವು. ಮೂರು ವಾರ ಹೀಗೇ ಹೋಯಿತು. ಕಡೆಗೆ ಉದುರಿದ್ದೊಂದನ್ನು ಅಮ್ಮನ ಅಂಗೈಗೆ ಹಾಕಿದೆ.

"ಗಂಡು ಹೂ ಏನ್ಮಾಡ್ದೆ?"

"ಕರಿದೆ."

"ಎಲ್ಲಾನೂ?"

ತಲೆಯಾಡಿಸಿದೆ.

"ಅಯ್ಯೋ ನನ್ನ ಕನಸುಗಣ್ಣಿ. ಮದುವೆಗೆ ಮೊದ್ಲೇ ವರನನ್ನ ಎಣ್ಣೆಗೆ ಹಾಕಿದ್ಯಲ್ಲೇ."

ನಕ್ಕಳು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು ವಿವರಿಸಿದಳು: ಅಷ್ಟು ಎತ್ತರಕ್ಕೆ ಜೇನು ಬರುವುದು ಅಪರೂಪ. ಅದಕ್ಕೇ ಅವಳು ದಿನಾ ನಸುಕಿನಲ್ಲೇ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಕೆಲಸ ಮುಗಿದ ಹೂಗಳನ್ನಷ್ಟೇ ಕೆಳಗೆ ತರುತ್ತಿದ್ದಳು. ಆ ಹೊತ್ತಿಗೆ ನಾನು ಮಲಗಿರುತ್ತಿದ್ದೆ.

ಮರುದಿನ ನಾನೂ ಮುಟ್ಟಿಸಿದೆ. ಒಂದು ಕಾಯಿ ನಿಂತಿತು. ನಿಂಬೆಯಷ್ಟಾಯಿತು, ಮುಷ್ಟಿಯಷ್ಟಾಯಿತು, ಚೊಂಬಿನಷ್ಟಾಯಿತು ಎಂದು ಬಂದು ಬಂದು ಹೇಳುತ್ತಿದ್ದೆ. ಅದು ಬೆಳೆದಂತೆ ಅಮ್ಮ ಸಣ್ಣಗಾಗುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ ಚಾಕು ಹಿಡಿದು ಹೊರಟೆ. ಅಮ್ಮ ಕೈಸನ್ನೆ ಮಾಡಿ ಕರೆದಳು.

"ಎಳೇದನ್ನ ಕೀಳ್ಬೇಡ. ರುಚಿನೇ ಇರಲ್ಲ. ತೊಟ್ಟು ಒಣಗ್ಲಿ, ಆಮೇಲೆ ನಿಮ್ಮಪ್ಪಂಗೆ ಮಾಡಿ ಹಾಕು. ಮಾತು ಕೊಡು."

"ನಿಂಗೆ?"

"ಮಾತು ಕೊಡೇ."

ಕೊಟ್ಟೆ. ಅದಾದ ಒಂಬತ್ತನೆಯ ದಿನ ಅಮ್ಮ ಹೋದಳು.

ಆಮೇಲೆ ನೀರು ಹಾಕಲು ಹತ್ತಿದಾಗಲೆಲ್ಲ ಆ ಕಾಯಿಯನ್ನು ಕಂಡರೆ ಸಿಟ್ಟು ಬರುತ್ತಿತ್ತು. ನಾನು ಕರಿದು ಹಾಕಿದ ಆ ಮೂರು ವಾರ ಕೈಲಿದ್ದಿದ್ದರೆ ಎಂಬುದು ಎದೆ ಬಿಟ್ಟು ಹೋಗಲಿಲ್ಲ. ಅಪ್ಪ ಅನ್ನಕ್ಕೆ ನೀರು ಸುರಿದುಕೊಂಡು ನಿಂತೇ ನುಂಗಿ ಡಿಪೋಗೆ ಹೋಗುತ್ತಿದ್ದರು.

ತೊಟ್ಟು ಒಣಗಿದ ದಿನ ಕೊಯ್ದೆ. ಸಿಪ್ಪೆ ಹೆರೆದು, ಬೇಯಿಸಿ, ಸೌಟಿನ ಬೆನ್ನಲ್ಲಿ ಹಿಸುಕಿ, ಕಾಳುಮೆಣಸು ಕುಟ್ಟಿ ಹಾಕಿದೆ. ಅಪ್ಪನ ಕೈಹಿಡಿದು ಕೂರಿಸಿ ಬಟ್ಟಲು ಮುಂದಿಟ್ಟೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಚಮಚ ಎತ್ತಿಕೊಂಡು, ಕಣ್ಣು ಒರೆಸಿಕೊಳ್ಳದೆ, ತಳ ಕಾಣುವವರೆಗೂ ತಿಂದರು.