ಹೆರುವ ಮೊದಲೇ ತಂದ ಗಾಡಿ

"ಮಗು ಹುಟ್ಟಿದ ಮೇಲೆ ಎಲ್ಲಿರಬೇಕು ಅಂತ ನಿಮ್ಮ ಆಸೆ?" ಎಂದು ಆಸ್ಪತ್ರೆಯಲ್ಲಿ ನರ್ಸ್ ಅಟ್ರಾಕ್ಟಾ ಕೇಳಿದಳು. ಹಿಂದಿನ ವಾರವಷ್ಟೇ ಡಾಕ್ಟರು ಹೇಳಿದ್ದರು: ಹೊಟ್ಟೆಯಲ್ಲಿರುವ ಹುಡುಗನ ಹೃದಯ ಸರಿಯಾಗಿ ಕೂಡಿಲ್ಲ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ, ಬದುಕಿದರೆ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಅಂದಿನಿಂದ ನಾನು ಅವನ ಸಾವನ್ನೇ ಹೊತ್ತು ತಿರುಗುತ್ತಿದ್ದೆ. ಅವನು ಬದುಕಿರುವ ಹೊತ್ತಿನ ಬಗ್ಗೆ ಯಾರೂ ಕೇಳಿರಲಿಲ್ಲ.

"ಡಬ್ಲಿನ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಯಂತ್ರ, ನಳಿಕೆ ಎಲ್ಲ ಇರುತ್ತೆ. ಸ್ವಲ್ಪ ಹೊತ್ತು ಜಾಸ್ತಿ ಸಿಗಬಹುದು, ಆದರೆ ಎತ್ತಿಕೊಳ್ಳೋದು ಕಷ್ಟ. ಇಲ್ಲೇ ಇದ್ದರೆ ನೋವಾಗದ ಹಾಗೆ ನೋಡ್ಕೋತೀವಿ, ನಿಮ್ಮ ಎದೆ ಮೇಲೇ ಇರ್ತಾನೆ. ಗಟ್ಟಿಯಾಗಿದ್ದರೆ ಮನೆಗೂ ಕರ್ಕೊಂಡು ಹೋಗಬಹುದು, ನಾನೂ ಬರ್ತೀನಿ."

ನನ್ನ ಗಂಡ ಡೆಕ್ಲನ್ ನನ್ನ ಮುಖವನ್ನೇ ನೋಡುತ್ತಿದ್ದ.

"ಮನೆಗೆ," ಅಂದೆ. ಆ ದನಿ ಯಾರದೋ ಅನ್ನಿಸಿತು. "ಓರನ್‌ನನ್ನ ಮನೆಗೇ ಕರ್ಕೊಂಡು ಹೋಗ್ತೀನಿ."

ಪಕ್ಕದ ಕುರ್ಚಿಯಲ್ಲಿದ್ದ ನನ್ನ ಅಮ್ಮ ಬೆಚ್ಚಿದಳು. "ಬ್ರೋನಾ! ಹುಟ್ಟೋ ಮುಂಚೆ ಹೆಸರು ಎತ್ತಬಾರದು ಕಣೇ, ಕೆಟ್ಟದಾಗುತ್ತೆ!"

"ಇನ್ನೂ ಕೆಡೋಕೆ ಏನು ಉಳಿದಿದೆ, ಮಮ್ಮಿ?"

ಅಮ್ಮ ಏಟು ತಿಂದವಳಂತೆ ಕೂತಳು. ನಮ್ಮಲ್ಲಿ ಕೂಸು ಬರುವ ಮೊದಲು ಅದನ್ನು ಮಲಗಿಸಿ ತಳ್ಳುವ ಗಾಡಿ ಹೊಸ್ತಿಲು ದಾಟುವಂತಿಲ್ಲ. ಅಂಗಡಿಯವರೇ ಇಟ್ಟುಕೊಂಡಿದ್ದು, ಹೆರಿಗೆಯಾದ ಮೇಲೆ ಕೊಡುತ್ತಾರೆ. ಅಮ್ಮ ಆರಿಸಿದ್ದ ನೀಲಿ ಗಾಡಿಯೂ ಹಾಗೇ ಅಂಗಡಿಯಲ್ಲಿತ್ತು. ಮನೆಯಲ್ಲಿ ಮಗುವಿನ ಒಂದು ಕಾಲುಚೀಲವೂ ಇರಲಿಲ್ಲ.

"ಅವನು ಬಂದ ಹೊತ್ತಿಗೆ ಅಂಗಡಿ ಬಾಗಿಲು ಹಾಕಿದ್ರೆ?" ಅಮ್ಮ ಗೋಡೆಯನ್ನು ಕೇಳಿದಳು. ಎದ್ದು ಕೋಟು ಹಾಕಿಕೊಂಡಳು.

ಆ ಮಧ್ಯಾಹ್ನ ನಮ್ಮೂರು ಸ್ಲೈಗೊದ ಪೇಟೆಯಲ್ಲಿ ಅಮ್ಮ ಅಂಗಡಿಯಿಂದ ಬಿಡಿಸಿಕೊಂಡ ಖಾಲಿ ಗಾಡಿ ತಳ್ಳುತ್ತಾ ನಡೆದಳು. ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹೊಟ್ಟೆ ಹೊತ್ತು ನಾನು. ಬೇಕರಿ ಮುಂದೆ ನೆರೆಮನೆಯ ಫಿಲೋಮಿನಾ ಗಕ್ಕನೆ ನಿಂತು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಡಿಂಪ್ನಾ, ತಲೆ ಕೆಟ್ಟಿದೆಯಾ ನಿನಗೆ? ಹುಡುಗಿ ಇನ್ನೂ ಹೆತ್ತೇ ಇಲ್ಲ! ನಮ್ಮ ಮನೇಲಿ ಹೆರಿಗೆಗೆ ಮೊದಲೇ ತಂದಿಟ್ಟ ತೊಟ್ಟಿಲು ನೋಡಿ ರಾದ್ಧಾಂತ ಮಾಡಿದವಳು ನೀನೇ ತಾನೇ?"

"ನಾನೇ," ಅಂದಳು ಅಮ್ಮ.

"ಮತ್ತೆ ಇದೇನು?"

"ಇವನಿಗೆ ಕಾಯೋಕೆ ಪುರುಸೊತ್ತಿಲ್ಲ, ಫಿಲ್."

ಫಿಲೋಮಿನಾ ನನ್ನ ಮುಖ ನೋಡಿದಳು. ಅಮ್ಮ ನಿಲ್ಲಲಿಲ್ಲ. ಫುಟ್‌ಪಾತ್‌ನ ಅಂಚು ಬಂದಾಗ ಗಾಡಿಯನ್ನು ಮೆಲ್ಲಗೆ, ಒಂದೊಂದೇ ಚಕ್ರವಾಗಿ ಕೆಳಗಿಳಿಸಿದಳು, ಒಳಗೆ ಮಲಗಿದವನು ಏಳಬಾರದು ಎನ್ನುವಂತೆ.