ಬೊಗಸೆ ಭತ್ತದಲ್ಲಿ ಕಂಡ ಕಪ್ಪು ಕಲೆ

ಗಡ್ಡೆ ಕರಗಿತ್ತು! ಗಡಿಗೆಪ್ಪನವರ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಈಗ ಮುಟ್ಟಿದರೂ ಕೈಗೆ ಸಿಗುತ್ತಿರಲಿಲ್ಲ. ರಾಯಚೂರಿನ ಆಸ್ಪತ್ರೆಯಿಂದ ಆ ಸುದ್ದಿ ತಂದ ದಿನ ಅವರ ಹೆಂಡತಿ ವೀರಭದ್ರಮ್ಮ ಮಾನ್ವಿಯ ನಮ್ಮ ಓಣಿಗೆಲ್ಲ ಗೋಧಿ ಹುಗ್ಗಿ ಹಂಚಿದರು. ನಾನು ಎರಡು ಸಲ ಹಾಕಿಸಿಕೊಂಡೆ, ಸುಳ್ಳೇಕೆ ಹೇಳಲಿ!

ಗಡಿಗೆಪ್ಪ ಅಕ್ಕಿ ಗಿರಣಿಯಲ್ಲಿ ಭತ್ತದ ಗುಣ ನೋಡಿ ಖರೀದಿಸುವವರು. ಅಂಗಾಲಿನಲ್ಲಿ ಕಪ್ಪು ಮಚ್ಚೆ ಎದ್ದಾಗ ಮುಳ್ಳು ಮುರಿದಿರಬೇಕು ಎಂದು ಸುಮ್ಮನಿದ್ದರು. ಅದು ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಮೇಲೆ ತೊಡೆಸಂದಿಗೂ ಹಬ್ಬಿತ್ತು. ಡಾಕ್ಟರು ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿ, ಆ ಕ್ಯಾನ್ಸರ್ ಬೆಳೆಯುವ ದಾರಿಯನ್ನೇ ಗುರಿಯಿಟ್ಟು ತಡೆಯುವ ಎರಡು ಬಗೆಯ ಗುಳಿಗೆ ಕೊಟ್ಟರು. ಮನೆಯಲ್ಲೇ ನುಂಗುವ ಗುಳಿಗೆ. ಮನುಷ್ಯ ಮತ್ತೆ ಎದ್ದು ಗಿರಣಿಗೆ ಹೋಗತೊಡಗಿದರು.

ಆಗಲೇ ಆಯಿತು ನೋಡಿ ಗಲಾಟೆ. ಕುರ್ಡಿಯ ರೈತ ಅಂಬರೇಶ ಟ್ರ್ಯಾಕ್ಟರ್ ತುಂಬ ಭತ್ತ ತಂದಿದ್ದ. ಗಡಿಗೆಪ್ಪ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳು ನೋಡಿದರು.

“ನಡುಕ್ಕ ಎಲ್ಲಾ ಕಪ್ಪು ಬಿದ್ದಾವಲ್ಲೋ ಅಂಬರೇಶ. ಇದನ್ನ ತಗೊಳಂಗಿಲ್ಲ.”

“ಏ ಯಣ್ಣಾ, ಎಲ್ಲಿ ಕಪ್ಪು? ಬಂಗಾರದಂಥಾ ಭತ್ತ ಅದು!” ಅಂಬರೇಶ ಸಿಟ್ಟಿನಿಂದ ಗಿರಣಿಯ ಒಳಗೆ ನುಗ್ಗಿ, ಆಗಷ್ಟೇ ಪಾಲಿಶ್ ಆದ ಅಕ್ಕಿಯನ್ನು ತಂದು ಅವರ ಬೊಗಸೆಗೆ ಸುರಿದ. “ಇದು ನಿಮ್ಮ ಗಿರಣೀದ ಅಕ್ಕಿ. ಇದರಾಗೂ ಕಪ್ಪು ಅದ ಏನು?”

ಇತ್ತು. ಗಡಿಗೆಪ್ಪನವರ ಕಣ್ಣಿಗೆ ಅದರ ನಡುವೆಯೂ ಕಪ್ಪು ಕಲೆ ಕಂಡಿತು. ಅವರು ಅಕ್ಕಿಯನ್ನು ಕೆಳಗೆ ಚೆಲ್ಲಿ ಮನೆಗೆ ನಡೆದರು.

ಕಣ್ಣ ಮುಂದೆ ಕಪ್ಪು ಕಾಣುತ್ತದೆ ಎಂದು ಹೆಂಡತಿಗೆ ಹೇಳಿದ್ದೇ ತಡ, ಮನೆಯಲ್ಲಿ ಇನ್ನೊಂದು ಜಗಳ! ನಮ್ಮ ಅಂಗಳದವರೆಗೂ ಕೇಳಿಸಿತು.

“ಉಷ್ಣ ಆಗ್ಯದ್ರಿ, ಆ ಗುಳಿಗಿ ಉಷ್ಣ! ಗಡ್ಡಿ ಹೋತಲ್ಲ, ಗುಳಿಗಿ ಬಿಟ್ಟುಬಿಡ್ರಿ. ನೆತ್ತಿಗಿ ಹರಳೆಣ್ಣಿ ಇಡ್ತೀನಿ, ಕಣ್ಣಿಗೂ ಎರಡು ಹನಿ ಬಿಡ್ತೀನಿ,” ಎಂದು ವೀರಭದ್ರಮ್ಮ.

“ಗುಳಿಗಿ ಬಿಡಂಗಿಲ್ಲ! ಡಾಕ್ಟರಿಗೂ ಹೇಳಬ್ಯಾಡ. ಹೇಳಿದ್ರ ಅವ್ರ ನಿಲ್ಲಸ್ತಾರ. ಕಣ್ಣು ಹೋದ್ರ ಹೋಗ್ಲಿ, ಜೀವ ಉಳೀಲಿ!” ಎಂದು ಗಡಿಗೆಪ್ಪ.

ಒಬ್ಬರಿಗಿಂತ ಒಬ್ಬರು ಹಟಮಾರಿಗಳು. ನನಗೆ ತಲೆ ಕೆಟ್ಟುಹೋಯಿತು. ಓಣಿಯ ತುದಿಮನೆಯ ಮೆಹನಾಜ್ ರಾಯಚೂರಿನಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸ್. ಅವಳಿಗೆ ಅವತ್ತು ರಜೆ. ಓಡಿಹೋಗಿ ಕರೆತಂದೆ.

“ಕಾಕಿ, ಆ ಎಣ್ಣಿ ಬಟ್ಲ ಮೊದ್ಲ ಕೆಳಗಿಡ್ರಿ,” ಎಂದಳು ಬಂದವಳೇ. “ಕಾಕಾ, ಒಂದು ಕಣ್ಣು ಮುಚ್ಚಿ ಆ ಕಿಟಕಿ ಸರಳ ನೋಡ್ರಿ. ಹೆಂಗ ಕಾಣ್ತಾವ?”

“ನಡುಕ್ಕ ಡೊಂಕ ಆಗ್ಯಾವ.”

“ಇನ್ನೊಂದು ಕಣ್ಣಿಗೆ?”

“ಹಂಗೇ.”

“ಈಗ ಕಾಕಿ ಮುಖ ನೋಡ್ರಿ.”

ಗಡಿಗೆಪ್ಪ ನೋಡಿದರು. ತಲೆ ತಗ್ಗಿಸಿದರು. “ಮುಖದ ನಡುಕ್ಕ ಏನೂ ಕಾಣವಲ್ದವಾ. ನಾಕು ದಿನ ಆತು.”

“ನನ್ನ ಮುಖ ಕಾಣವಲ್ದಂದ್ರೂ ಬಾಯಿ ಬಿಡಲಿಲ್ಲೇನ್ರಿ!” ವೀರಭದ್ರಮ್ಮ ಬೈಯುತ್ತಲೇ ಅತ್ತುಬಿಟ್ಟರು.

ಮೆಹನಾಜ್ ವೀರಭದ್ರಮ್ಮನವರ ಕೈ ಹಿಡಿದು ಕೂರಿಸಿದಳು. “ಈ ಗುಳಿಗಿ ತಗೊಂಡ ಕೆಲವರಿಗೆ ಕಣ್ಣಿನ ಹಿಂದಿನ ಪರದಿ ಕೆಳಗ ನೀರು ಸೇರ್ತದ ಕಾಕಿ. ಕೆಲವರಿಗೆ ಕಣ್ಣು ಕೆಂಪಾಗಿ ನೋಯ್ತದ, ಬೆಳಕು ನೋಡಾಕ ಆಗಂಗಿಲ್ಲ. ಅಪರೂಪಕ್ಕ ಕಣ್ಣಿನ ರಕ್ತನಾಳ ಕಟ್ಕೋತದ. ಕಾಕಾಗ ಯಾವದು ಆಗ್ಯದ ಅಂತ ನನಗೂ ಹೇಳಾಕ ಬರಂಗಿಲ್ಲ. ಕಣ್ಣಿನ ಡಾಕ್ಟರ್ ನೋಡಬೇಕು, ಇವತ್ತೇ.”

“ಗುಳಿಗಿ ನಿಲ್ಲಿಸಿದ್ರ ನಾ ಸತ್ತಂಗೇ ಅಲ್ಲೇನವಾ?” ಎಂದರು ಗಡಿಗೆಪ್ಪ.

“ಯಾರು ಹೇಳ್ಯಾರ್ರೀ ನಿಮಗ! ಕೆಲವರಿಗೆ ಸ್ವಲ್ಪ ದಿನ ತಡದು, ಪ್ರಮಾಣ ಕಮ್ಮಿ ಮಾಡಿ ಮತ್ತ ಕೊಡ್ತಾರ. ಕೆಲವರಿಗೆ ನಿಲ್ಲಸೂದೇ ಬೇಕಾಗಂಗಿಲ್ಲ. ಒಬ್ಬೊಬ್ಬರಿಗೆ ಬ್ಯಾರೆ ಔಷಧ. ಅದನ್ನ ಡಾಕ್ಟರ್ ಹೇಳಬೇಕು, ನೀವೂ ಅಲ್ಲ, ಕಾಕೀನೂ ಅಲ್ಲ.” ಅವಳು ಆಗಲೇ ವಾರ್ಡಿಗೆ ಫೋನ್ ಹಚ್ಚಿದ್ದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಅಂಬರೇಶ! ಗಿರಣಿಯಲ್ಲಿ ಗಡಿಗೆಪ್ಪನವರ ಮುಖ ನೋಡಿ ಮನಸ್ಸು ತಡೆಯದೆ ಹಿಂದೆಯೇ ಬಂದಿದ್ದ. “ಭತ್ತದ ಮಾತು ಆಮ್ಯಾಲ ನೋಡೂಣು ಯಣ್ಣಾ. ನಮ್ಮ ಮಾವನ ಜೀಪು ಇಲ್ಲೇ ಅದ, ಹತ್ರಿ!”

ಹೊರಟೆವು. ಜೀಪಿನಲ್ಲಿ ನಾನೂ ತೂರಿಕೊಂಡೆ, ಬಿಟ್ಟೇನೇ!

ರಾಯಚೂರಿನಲ್ಲಿ ಕಣ್ಣಿನ ಡಾಕ್ಟರು ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಒಳಗೆಲ್ಲ ನೋಡಿದರು. ಮಷಿನ್ನಿನಲ್ಲಿ ಚಿತ್ರ ತೆಗೆದರು. ಎರಡೂ ಕಣ್ಣಿನ ಪರದೆಯ ಕೆಳಗೆ ನೀರು ಸೇರಿತ್ತು. ಅವರು ಅಲ್ಲಿಂದಲೇ ಕ್ಯಾನ್ಸರ್ ಡಾಕ್ಟರ ಜೊತೆ ಮಾತಾಡಿದರು. ಒಂದು ಗುಳಿಗೆಯನ್ನು ಸದ್ಯಕ್ಕೆ ತಡೆದು, ಇನ್ನೊಂದನ್ನು ಮುಂದುವರಿಸಲು ಇಬ್ಬರೂ ಸೇರಿ ತೀರ್ಮಾನಿಸಿದರು.

“ಚೊಲೋ ಆತು, ಹೊತ್ತಿಗೆ ಸರಿಯಾಗಿ ಬಂದೀರಿ. ಎಣ್ಣಿ ಹಾಕಿಲ್ಲ ಹೌದಲ್ರಿ?” ಎಂದು ಡಾಕ್ಟರು ಕೇಳಿದಾಗ ವೀರಭದ್ರಮ್ಮ ನನ್ನ ಹಿಂದೆ ಸರಿದು ನಿಂತರು.

ಮುಂದಿನ ತಪಾಸಣೆಗಳಲ್ಲಿ ನೀರು ಇಳಿಯುತ್ತ ಬಂತು. ಕಡೆಗೆ ಪೂರ್ತಿ ಇಂಗಿತು! ತಡೆದಿದ್ದ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ಗಡ್ಡೆ ಮರಳಿ ಬಂದಿಲ್ಲ. ಈಗ ಗಡಿಗೆಪ್ಪ ಆಸ್ಪತ್ರೆಗೆ ಹೋದರೆ ಸುಮ್ಮನೆ ಕೂರುವುದಿಲ್ಲ. ಮೊನ್ನೆ ದೇವದುರ್ಗದಿಂದ ಬಂದಿದ್ದ ಗದ್ದೆಮ್ಮ ಎಂಬಾಕೆಗೆ ಅದೇ ಗುಳಿಗೆ ಬರೆದಿದ್ದರು. ಅವಳು ಗುಳಿಗೆ ಕೈಗೆ ತೆಗೆದುಕೊಳ್ಳುವ ಮೊದಲೇ ಇವರು ಎದ್ದು ಹೋಗಿ, “ಯವ್ವಾ, ಕಣ್ಣು ಡಾಕ್ಟರಿಗೆ ತೋರಿಸೀಯೇನು? ಮೊದ್ಲ ತೋರಿಸು, ಆಮ್ಯಾಲೂ ತೋರಿಸ್ಕೋತ ಇರು,” ಎಂದರಂತೆ. ಅವಳು ಅವತ್ತೇ ತೋರಿಸಿಕೊಂಡಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಇಂಥ ಗುಳಿಗೆ ನುಂಗುತ್ತಿದ್ದರೆ ಕಣ್ಣಿನ ತಪಾಸಣೆ ತಪ್ಪಿಸಬೇಡಿ. ಮಬ್ಬಾದರೂ, ಗೆರೆ ಡೊಂಕಾಗಿ ಕಂಡರೂ, ಕಣ್ಣು ಕೆಂಪಾಗಿ ನೋಯುತ್ತಿದ್ದರೂ ಆ ದಿನವೇ ಡಾಕ್ಟರಿಗೆ ಹೇಳಿ. ಒಮ್ಮೆಲೇ ಕಣ್ಣು ಕಾಣದಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಎಣ್ಣೆ ಬೇಡ, ಪಕ್ಕದ ಮನೆಯವರ ಕಣ್ಣಿನ ಹನಿಯೂ ಬೇಡ. ಗುಳಿಗೆಯನ್ನು ನೀವಾಗಿ ಬಿಡಬೇಡಿ, ತೊಂದರೆಯನ್ನು ನೀವಾಗಿ ಮುಚ್ಚಿಡಲೂಬೇಡಿ. ಜೀವ ಬೇಕೋ ಕಣ್ಣು ಬೇಕೋ ಎಂದು ಯಾರೂ ನಿಮ್ಮನ್ನು ಕೇಳಿಲ್ಲ. ಬಾಯಿಬಿಟ್ಟು ಹೇಳಿ, ಎರಡನ್ನೂ ಉಳಿಸಿಕೊಳ್ಳಲು ಡಾಕ್ಟರು ದಾರಿ ಹುಡುಕುತ್ತಾರೆ.