ದಪ್ಪ ವಾಯರು

ಅಥಣಿ ತಾಲೂಕಿನ ಅನಂತಪುರದಲ್ಲಿ ಸಂಜೆ ಆರಕ್ಕೆ ಕರೆಂಟ್ ಹೋಗುತ್ತಿತ್ತು. ಬಾಳಾಸಾಬನ ಡೇರಿಗೆ ಹಾಲು ಬರುವುದೂ ಆಗಲೇ. ಕರೆಂಟ್ ಇಲ್ಲದೆ ಫ್ಯಾಟ್ ಅಳೆಯುವ ಮಿಷನ್ ನಡೆಯದು. ಹಾಗಾಗಿ ಅರ್ಧ ಊರಿನ ಕ್ಯಾನುಗಳು ಜನರೇಟರ್ ಇದ್ದ ಕೆಳಗಿನ ಓಣಿಯ ಡೇರಿಗೆ ತಿರುಗಿದ್ದವು. ಉಳಿದರ್ಧವನ್ನಾದರೂ ಉಳಿಸಿಕೊಳ್ಳಲು ಬಾಳಾಸಾಬ ಅಥಣಿಯಿಂದ ಇನ್ವರ್ಟರ್ ತಂದ. ಅದು ೨೦೧೧ರ ಶ್ರಾವಣ.

ಇನ್ವರ್ಟರ್ ಮನೆಯ ಪಡಸಾಲೆಯಲ್ಲಿ ಕೂತಿತು. ಡೇರಿ ಅಂಗಳದ ಆಚೆ, ಅರವತ್ತು ಅಡಿ ದೂರ. ಬ್ಯಾಟರಿಗೆ ಹಾಕಿದ ವಾಯರು ಬೆರಳಿನಷ್ಟು ದಪ್ಪವಿದ್ದುದನ್ನು ಬಾಳಾಸಾಬ ಕಣ್ಣಾರೆ ನೋಡಿದ್ದ. ಒಳಗೆ ಹೋಗುವುದೇ ಅಷ್ಟು ದಪ್ಪವಿದ್ದರೆ ಹೊರಗೆ ಬರುವುದು ಸಣಕಲಿರಬಹುದೇ? ಬೋರಿಗೆ ಇಳಿಸಿ ಉಳಿದಿದ್ದ ಮೋಟರಿನ ಕೇಬಲ್ಲನ್ನೇ ಎಳೆದ. ಅದರ ತುದಿ ಪ್ಲಗ್ಗಿನೊಳಗೆ ಹೋಗಲೊಲ್ಲದು. ಅರ್ಧ ಎಳೆಗಳನ್ನು ಕತ್ತರಿಸಿ, ಉಳಿದವನ್ನು ಹೊಸೆದು ತುರುಕಿದ.

ಮೊದಲ ಸಂಜೆ. ಕರೆಂಟ್ ಹೋಯಿತು. ಮಿಷನ್ನಿನ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು. ಪ್ಲಗ್ಗಿನಿಂದ ಸುಟ್ಟ ವಾಸನೆ. ಸಾಲಿನಲ್ಲಿ ಮೊದಲಿಗನಾದ ಮಲಕಾರಿ ಕ್ಯಾನು ಎತ್ತಿಕೊಂಡ.

"ನಾ ಕೆಳಗಿನ ಓಣಿಗೆ ಹೊಂಟೆ ಬಾಳಾಸಾಬ. ನಿನ್ನ ಮಿಷನ್ ಕಣ್ಣ ಹೊಡಿಯಾಕತ್ತೈತಿ."

ಅವನ ಹಿಂದಿನವರೂ ಬಗ್ಗಿ ಕ್ಯಾನುಗಳಿಗೆ ಕೈ ಹಾಕಿದರು.

ಗದ್ದಲ ಕೇಳಿ ಸೊಸೆ ಉಜ್ವಲಾ ಬಂದಳು. ಚಿಕ್ಕೋಡಿಯಲ್ಲಿ ಎಲೆಕ್ಟ್ರಿಷಿಯನ್ ಐಟಿಐ ಮಾಡಿದವಳು. ಮದುವೆಯಾಗಿ ಬಂದ ಆರು ತಿಂಗಳಲ್ಲಿ ಆ ಸರ್ಟಿಫಿಕೇಟಿನ ಸುದ್ದಿಯನ್ನು ಮಾವ ಒಮ್ಮೆಯೂ ಎತ್ತಿರಲಿಲ್ಲ. ಇನ್ವರ್ಟರ್ ಬಂದ್ ಮಾಡಿ ಪ್ಲಗ್ ಬಿಚ್ಚಿದಳು.

"ಮಾವಾರ, ವಾಯರ್ ದಪ್ಪ ಐತಿ ಖರೆ. ಬಾಯಾಗ ಮಾತ್ರ ನೀವ ಸಣ್ಣ ಮಾಡೀರಿ. ಇಲ್ಲೇ ಸಡಲಾಗಿ ಕಿಡಿ ಹಾರಾಕತ್ತೈತಿ."

"ಬ್ಯಾಟರಿ ಕಡೆ ಅಷ್ಟ ದಪ್ಪ ಕೊಟ್ಟಾರಲ್ಲ, ಅವರೇನ ಹುಚ್ಚರ?"

"ಅದು ಹನ್ನೆರಡ ವೋಲ್ಟ್ ರೀ. ಮಜ್ಜಿಗಿ ಇದ್ದಂಗ. ಭಾಳ ಹರೀಬೇಕು, ಅದಕ್ಕ ದಪ್ಪ ಬೇಕು. ಈ ಕಡೆ ಇನ್ನೂರಾ ಮೂವತ್ತು, ಬೆಣ್ಣಿ ಇದ್ದಂಗ. ಅಷ್ಟ ಕಸುವು ಒಂದ ಸಣ್ಣ ಬಟ್ಟಲದಾಗ ಬರತೈತಿ. ಎಂಟನೂರ ವ್ಯಾಟಿನ ಇನ್ವರ್ಟರ್, ನಾಕ ಆಂಪಿಯರ್ ಸೈತ ದಾಟೂದಿಲ್ಲ. ಈ ದೂರಕ್ಕ ಒಂದೂವರಿ ಎಂ.ಎಂ. ತಾಂಬ್ರದ ವಾಯರ್ ಧಾರಾಳ ಆತು."

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೊಳೆವ್ವ ಗಂಡನಿಗೆ ಹೇಳಿದಳು: "ಏನ್ರಿ, ಹಾಲ ಹೊಂಟೈತಿ. ವಾದ ಆಮ್ಯಾಗ ಮಾಡ್ರಿ."

ಬಾಳಾಸಾಬ ಸೊಸೆಯನ್ನು ನೋಡಿದ. ಅಂಗಳ ದಾಟುತ್ತಿದ್ದ ಕ್ಯಾನುಗಳನ್ನು ನೋಡಿದ. ಕ್ಯಾನುಗಳೇ ಗೆದ್ದವು.

"ಮಲಕಾರಿ, ನಿಂದರ. ಚಾ ಕುಡದ ಹೋಗು."

ತನ್ನ ಕೋಣೆಯ ವಾಯರಿಂಗಿನಲ್ಲಿ ಉಳಿದಿದ್ದ ಸುರುಳಿಯನ್ನು ಉಜ್ವಲಾ ತಂದಳು. ಬಾಳಾಸಾಬ ಏಣಿ ಹಿಡಿದ. ಏಣಿ ಹಿಡಿದವನು ಉಪದೇಶ ಕೊಡದೆ ನಿಂತದ್ದು ಊರಿಗೆ ಹೊಸದು. ಚಹಾ ಎರಡನೇ ಸುತ್ತಿಗೆ ಬರುವಷ್ಟರಲ್ಲಿ ವಾಯರು ಅಂಗಳ ದಾಟಿತ್ತು; ಒಂದೆಳೆಯನ್ನೂ ಕತ್ತರಿಸದೆ ಪ್ಲಗ್ಗಿನಲ್ಲಿ ಸಲೀಸಾಗಿ ಕೂತಿತು. ಮಿಷನ್ನಿನ ದೀಪ ಹತ್ತಿತು. ಆರಲಿಲ್ಲ.

ಮಲಕಾರಿಯ ಹಾಲಿಗೆ ನಾಲ್ಕೂವರೆ ಫ್ಯಾಟ್ ಬಂತು.

"ನಮ್ಮ ಎಮ್ಮಿ ಆರರ ಕೆಳಗ ಎಂದೂ ಇಳದಿಲ್ಲ," ಎಂದ ಅವನು. "ನೀವು ವಾಯರ್ ಸಣ್ಣದ ಹಾಕೀರಿ, ಅದಕ್ಕ ಫ್ಯಾಟ್ ಕಡಿಮಿ ಬರಾಕತ್ತೈತಿ."

ಸಾಲಿನವರೆಲ್ಲ ನಕ್ಕರು. ಬಾಳಾಸಾಬ ಚೀಟಿ ಹರಿದು ಅವನ ಕೈಗಿಟ್ಟ.

"ವಾಯರ್ ಬರೋಬ್ಬರಿ ಐತಿ. ನಾಳಿಂದ ಎಮ್ಮಿ ಅಷ್ಟ ಹಿಂಡು, ನಳಾ ಹಿಂಡಬ್ಯಾಡ. ಉಜ್ವಲಾ, ಮುಂದಿನ ಕ್ಯಾನ್ ತಗೋ ಮಗಳ."